ನಮ್ಮ ಭಾವನೂ ಖಾಲಿ ಕುರ್ಚಿಯೂ

ನಮ್ಮ ಭಾವ ಹಾವಿಗೆ ಹೆದರುವುದಿಲ್ಲ, ವೀಸಾ ಕೊಟ್ಟ ಅರಬ್ಬಿ ಧಣಿ ಕಫೀಲನಿಗೆ ಹೆದರುವುದಿಲ್ಲ, ಕಡೆಗೆ ನಮ್ಮ ಅಕ್ಕನಿಗೂ ಹೆದರುವುದಿಲ್ಲ (ಎಂದು ಅವರೇ ಹೇಳಿಕೊಳ್ಳುತ್ತಾರೆ). ಅವರು ಹೆದರುವುದು ಒಂದಕ್ಕೇ: ಖಾಲಿ ಕುರ್ಚಿಗೆ! ನಗಬೇಡಿ. ಯಾವುದಾದರೂ ಸಭೆಯಲ್ಲಿ ನಾಲ್ಕು ಕುರ್ಚಿ ಖಾಲಿ ಕಂಡರೆ ಸಾಕು, ಅವರ ಮುಖ ಬಾಡುತ್ತದೆ. ಒಂದರಲ್ಲಿ ತಾವು ಕೂರುತ್ತಾರೆ, ಇನ್ನೊಂದರಲ್ಲಿ ಅಕ್ಕನನ್ನು ಕೂರಿಸುತ್ತಾರೆ, ಮೂರನೆಯದಕ್ಕೆ ನಾನಿದ್ದೇನೆ. ನಾಲ್ಕನೆಯದಕ್ಕೆ ಹೊರಗೆ ಹೋಗಿ ಯಾರನ್ನಾದರೂ ಹಿಡಿದು ತರುತ್ತಾರೆ.

ಈ ಕಾಯಿಲೆ ಅವರಿಗೆ ಎಲ್ಲಿ ಅಂಟಿತು ಎಂಬುದು ನನಗೆ ಗೊತ್ತು. ಆದರೆ ಅದನ್ನು ಈಗಲೇ ಹೇಳಿದರೆ ನಿಮಗೆ ನಗು ಬರುವುದಿಲ್ಲ, ಆದ್ದರಿಂದ ಸ್ವಲ್ಪ ತಡೆಯಿರಿ.

ಮೈಸೂರಿನ ಕಡೆಯ ಭಾವ ಮಸ್ಕತ್ತಿನ ಒಂದು ಕಟ್ಟಡ ಕಂಪನಿಯಲ್ಲಿ ಸಿಮೆಂಟು ಕಬ್ಬಿಣದ ಖರೀದಿ ನೋಡಿಕೊಳ್ಳುತ್ತಿದ್ದರು. ಎರಡು ಸಾವಿರದ ಇಸವಿಯ ಈಚಿನ ಆ ವರ್ಷಗಳಲ್ಲಿ ನನಗೂ ಅಲ್ಲೇ ಕೆಲಸ ಸಿಕ್ಕಿ, ಬೌಷರ್ ಬಡಾವಣೆಯ ಅವರ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಝಂಡಾ ಊರಿದ್ದೆ. ಬಾಡಿಗೆ ಕೊಡುತ್ತಿರಲಿಲ್ಲ. ಅದರ ಬದಲಿಗೆ ಕುರ್ಚಿ ತುಂಬಿಸುತ್ತಿದ್ದೆ.

ಒಂದು ಸಲ ಖರ್ಜೂರದ ಮರಕ್ಕೆ ಬೀಳುವ ಹುಳದ ಬಗ್ಗೆ ಅರಬ್ಬಿಯಲ್ಲಿ ಉಪನ್ಯಾಸವಿತ್ತು. ಭಾವನಿಗೆ ಅರಬ್ಬಿಯಲ್ಲಿ ಬರುವುದು ‘ಯಲ್ಲಾ’ ಮತ್ತು ‘ಖಲಾಸ್’ ಎರಡೇ. ಉಪನ್ಯಾಸ ಶುರುವಾಗುವಾಗ ಒಂದು, ಮುಗಿಯುವಾಗ ಇನ್ನೊಂದು ಸಾಕಲ್ಲವೇ? ಮುಂದಿನ ಸಾಲಿನಲ್ಲಿ ಕೂತು ಎಷ್ಟು ಶ್ರದ್ಧೆಯಿಂದ ತಲೆಯಾಡಿಸಿದರೆಂದರೆ, ಉಪನ್ಯಾಸಕರು ಖುಷಿಯಾಗಿ ಒಂದು ಖರ್ಜೂರದ ಸಸಿಯನ್ನೇ ಕೊಟ್ಟು ಕಳಿಸಿದರು. ಅದು ನಮ್ಮ ಬಾಲ್ಕನಿಯಲ್ಲಿ ಬೆಳೆದು, ಅಕ್ಕ ಒಣಹಾಕಿದ ಸೀರೆಗಳನ್ನು ತನ್ನ ಮುಳ್ಳಿನಿಂದ ಹರಿದುಹಾಕಿತು. ಇನ್ನೊಮ್ಮೆ, ಪರಿಚಯವೇ ಇಲ್ಲದ ಫಿಲಿಪ್ಪೀನ್ಸಿನ ನರ್ಸೊಬ್ಬಳ ಬೀಳ್ಕೊಡುಗೆಗೆ ಜನ ಕಡಿಮೆಯಾಯಿತೆಂದು ನುಗ್ಗಿ, ಆಕೆಯ ಸೇವಾಗುಣದ ಬಗ್ಗೆ ಎರಡು ಮಾತೂ ಆಡಿ ಬಂದರು. ಆಕೆ ಕಣ್ಣೀರು ಹಾಕಿದಳಂತೆ!

ಇಂಥ ಭಾವನ ಪಕ್ಕದ ಫ್ಲ್ಯಾಟಿನಲ್ಲೇ ಸಲ್ಮಾ ಇದ್ದಳು ನೋಡಿ. ಒಮಾನಿ ಹುಡುಗಿ, ಆದರೆ ಮನೆಯಲ್ಲಿ ಆಡುವುದು ಸ್ವಾಹಿಲಿ. ಹಿರಿಯರು ಎಂದೋ ಆಫ್ರಿಕಾದ ಜಾಂಜಿಬಾರ್ ದ್ವೀಪಕ್ಕೆ ಹೋಗಿ ಅಲ್ಲಿಯವರೇ ಆಗಿದ್ದರು. ಅಲ್ಲೇ ಹುಟ್ಟಿ ಬೆಳೆದ ಅವಳ ತಾಯಿ, ದಂಗೆಯೆದ್ದು ಕಾಲ ಕೆಟ್ಟಾಗ ಎಲ್ಲವನ್ನೂ ಬಿಟ್ಟು ಹಡಗು ಹತ್ತಿ ಮಸ್ಕತ್ತಿಗೆ ಬಂದವರು. ಸಲ್ಮಾ ಮತ್ತು ಅವಳ ಸ್ನೇಹಿತರು ಸೇರಿ ಒಂದು ಕಿರುಚಿತ್ರೋತ್ಸವ ಮಾಡಹೊರಟಿದ್ದರು. ಆಫ್ರಿಕಾ ಬಿಟ್ಟು ದೇಶ ದೇಶ ಸೇರಿದವರ ಮಕ್ಕಳು, ಮೊಮ್ಮಕ್ಕಳು ತಮ್ಮ ಮನೆಯ ಕಥೆಗಳನ್ನೇ ತೆಗೆದ ಪುಟ್ಟ ಪುಟ್ಟ ಚಿತ್ರಗಳು. ಲಂಡನ್ನಿನಿಂದ, ಬ್ರೆಜಿಲಿನಿಂದ ನಿರ್ದೇಶಕರು ಸ್ವಂತ ಖರ್ಚಿನಲ್ಲಿ ಬರುವವರಿದ್ದರು. ಕೊನೆಯ ಚಿತ್ರ ಸಲ್ಮಾಳದೇ, ಅವಳ ತಾಯಿಯ ಮೇಲೆ.

ಆದರೆ ಉತ್ಸವವಿದ್ದ ಗುರುವಾರ ಸಂಜೆಯೇ ಭಾರತ ಪಾಕಿಸ್ತಾನದ ಕ್ರಿಕೆಟ್ ಪಂದ್ಯ! ಬರುತ್ತೇವೆ ಎಂದವರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಸಲ್ಮಾ ನಮ್ಮ ಮನೆಗೆ ಬಂದು ಅಕ್ಕನ ಮುಂದೆ ಹಿಂದಿಯಲ್ಲಿ ಕಷ್ಟ ತೋಡಿಕೊಂಡಳು. ನಿನ್ನ ಕಥೆ ನೋಡಲು ಊರೇ ಬರುತ್ತದೆ ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದಾಳೆ, ಅವರೋ ಹೊಸ ಬಟ್ಟೆ ಹೊಲಿಸಿಕೊಂಡು ಕಾಯುತ್ತಿದ್ದಾರೆ, ನನ್ನ ಕಥೆ ಯಾರಿಗೆ ಬೇಕು ಎಂದು ಮೊದಲೇ ಅನ್ನುತ್ತಿದ್ದವರು ಖಾಲಿ ಸಭೆ ನೋಡಿದರೆ ಏನಾದೀತು ಎಂದಳು.

ಒಳಕೋಣೆಯಲ್ಲಿದ್ದ ಭಾವನ ಕಿವಿಗೆ ‘ಖಾಲಿ’ ಎಂಬ ಮಾತು ಬಿತ್ತು. ಮುಗಿಯಿತು! ಆ ಹೊತ್ತಿನಿಂದ ಅವರ ಕೈಯಿಂದ ಫೋನು ಇಳಿಯಲಿಲ್ಲ.

ಭಾವ ಸುಳ್ಳು ಹೇಳುವವರಲ್ಲ. ಆದರೆ ಪಂದ್ಯದ ದಿನ ‘ಆಫ್ರಿಕಾದ ಕಿರುಚಿತ್ರ’ ಎಂದರೆ ನಮ್ಮವರು ಬರುತ್ತಾರೆಯೇ? ಅದಕ್ಕೆ ಪ್ರತಿಯೊಬ್ಬರಿಗೂ ಒಂದೇ ಮಾತು ಹೇಳಿದರು: “ಪಕ್ಕದ ಮನೆ ಹುಡುಗೀದು ಕಾರ್ಯಕ್ರಮ ಕಣಯ್ಯ. ನಮ್ಮನೇದೇ ಅಂದ್ಕೊಂಡು ಬಂದ್ಬಿಡಿ. ಊಟ ಅಲ್ಲೇ.”

ಹುಡುಗಿ, ಕಾರ್ಯಕ್ರಮ, ಊಟ. ಈ ಮೂರನ್ನು ಸೇರಿಸಿದರೆ ಕನ್ನಡಿಗನ ತಲೆಯಲ್ಲಿ ಏನು ಮೂಡುತ್ತದೆ, ನೀವೇ ಹೇಳಿ!

ಗುರುವಾರ ಸಂಜೆ ಬಾಡಿಗೆ ಸಭಾಂಗಣದ ಮುಂದೆ ಕಾರುಗಳು ಬಂದು ನಿಂತವು. ಹೆಂಗಸರೆಲ್ಲ ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ. ಗಂಡಸರ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಮುಯ್ಯಿ. ಒಳಗೆ ವೇದಿಕೆಯ ಮೇಲೆ ಸಲ್ಮಾ, ನಿರ್ದೇಶಕರು ಕೂತಿದ್ದರು, ಎದುರಿಗೆ ಫೋಟೋದವನು ನಿಂತಿದ್ದ. ಇನ್ನೇನು ಅನುಮಾನ? ನಮ್ಮವರು ಯಾರೂ ಹೇಳದೆಯೇ ವೇದಿಕೆಯ ಮೆಟ್ಟಿಲಿಗೆ ಸಾಲುಗಟ್ಟಿದರು. ಒಂದೊಂದೇ ಸಂಸಾರ ಹತ್ತಿ, ಸಲ್ಮಾಳ ಕೈಗೆ ಹಾಟ್‌ಬಾಕ್ಸೋ ಗೋಡೆ ಗಡಿಯಾರವೋ ಇಟ್ಟು, ಅವಳ ಎಡಬಲಕ್ಕೆ ನಿಂತು, ಫೋಟೋದವನ ಕಡೆ ನೋಡಿ, ಇಳಿಯಿತು. ಲಂಡನ್ನಿನ ನಿರ್ದೇಶಕ ಸೂಟು ತೊಟ್ಟ ತಪ್ಪಿಗೆ ಅವನೇ ವರನಾದ. ನಮ್ಮ ಕನ್ನಡ ಸಂಘದ ಖಜಾಂಚಿಗಳು ಅವನ ಕೈ ಕುಲುಕಿ, ಬೇಗ ಮಕ್ಕಳಾಗಲಿ ಎಂದು ಇಂಗ್ಲಿಷಿನಲ್ಲಿ ಹರಸಿದರು. ಇದು ಒಮಾನಿನ ಪದ್ಧತಿ ಇರಬೇಕೆಂದು ಅವನೂ ಎದೆಯ ಮೇಲೆ ಕೈಯಿಟ್ಟು ಬಾಗಿದ.

ದೀಪ ಆರಿ ಪರದೆ ಬೆಳಗಿದಾಗಲೇ ನಮ್ಮವರಿಗೆ ಇದು ಮದುವೆಯಲ್ಲ ಎಂದು ಹೊಳೆದದ್ದು. ಮೊದಲ ಚಿತ್ರದಲ್ಲಿ ಬರೀ ಸಮುದ್ರ, ಮಾತೇ ಇಲ್ಲ. ಗಂಡಸರು ಸ್ಕೋರು ನೆನೆದು ಮಿಸುಕಾಡಿದರು. ಖಜಾಂಚಿಗಳು ಬಗ್ಗಿಕೊಂಡು ಬಾಗಿಲಿಗೆ ಬಂದರೆ ಅಲ್ಲಿ ಭಾವ ನಿಂತಿದ್ದರು.

“ಏನ್ಸಾರ್, ಊಟ ಮಾಡ್ದೆ ಹೊರಟ್ರಾ?” ಎಂದರು, ಮೆಲ್ಲಗೆ.

ಮುಯ್ಯಿ ಓದಿಸಿ ಊಟ ಮಾಡದೆ ಹೋಗುವವರು ನಮ್ಮಲ್ಲಿ ಯಾರಿದ್ದಾರೆ? ಊಟ ಇದ್ದದ್ದು ಎಲ್ಲ ಚಿತ್ರ ಮುಗಿದ ಮೇಲೆ! ಖಜಾಂಚಿಗಳು ಬಗ್ಗಿಕೊಂಡೇ ವಾಪಸು ಹೋಗಿ ಕೂತರು. ಅವರನ್ನು ನೋಡಿ ಉಳಿದವರೂ ಅಲ್ಲಾಡಲಿಲ್ಲ.

ಕೊನೆಗೆ ಸಲ್ಮಾಳ ಚಿತ್ರ ಬಂತು. ಪರದೆಯ ಮೇಲೆ ಅವಳ ತಾಯಿ, ಮರದ ಮಣೆಯ ಮೇಲೆ ಕೂತು, ಮುಂದೆ ಚಾಚಿದ ಹಲ್ಲಿನ ಕಬ್ಬಿಣಕ್ಕೆ ತೆಂಗಿನ ಹೋಳು ಒತ್ತಿ ತಿರುಗಿಸುತ್ತಿದ್ದಾರೆ. ಹಡಗು ಹತ್ತುವಾಗ ಮನೆಯಿಂದ ಎತ್ತಿಕೊಂಡು ಬಂದದ್ದು ಅದೊಂದೇ ಮಣೆಯಂತೆ, ಅವರ ಸ್ವಾಹಿಲಿ ಮಾತಿನ ಅರ್ಥ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು.

ಕತ್ತಲಲ್ಲಿ ಖಜಾಂಚಿಗಳ ಹೆಂಡತಿಯ ದನಿ ಕೇಳಿತು: “ರೀ, ಅದು ನಮ್ಮ ತುರಿಮಣೆ ಕಣ್ರೀ.”

ಅಲ್ಲಿಂದ ಸಭೆಯ ಬಣ್ಣವೇ ಬದಲಾಯಿತು. ಹೋಳಿನಲ್ಲಿ ಇನ್ನೂ ಬಿಳಿ ಉಳಿದಿದೆ ಎಂದು ಒಬ್ಬರು, ಹಾಲು ಹಿಂಡುವುದಕ್ಕೆ ಅಷ್ಟೇ ತುರಿಯಬೇಕು ಎಂದು ಇನ್ನೊಬ್ಬರು. ತಾಯಿ ತಮ್ಮ ಹಳೆಯ ಅಡುಗೆಮನೆಯ ಕಿಟಕಿ ಯಾವ ಕಡೆಗಿತ್ತೆಂದು ಹೇಳುತ್ತಾ ಮಾತು ನಿಲ್ಲಿಸಿದಾಗ ಮಾತ್ರ ಈ ಚರ್ಚೆ ನಿಂತಿತು. ಮೂಗೊರೆಸುವ ಸದ್ದು ಕೇಳಿಸಿತು. ಇಂಥ ಪ್ರೇಕ್ಷಕರನ್ನು ಎಲ್ಲೂ ಕಂಡಿಲ್ಲವೆಂದು ಬ್ರೆಜಿಲಿನವಳು ಆಮೇಲೆ ಹೇಳಿದಳು. ಎಲ್ಲಿ ಕಾಣಬೇಕು, ಪಾಪ!

ದೀಪ ಹತ್ತಿತು. ಮೊದಲ ಸಾಲಿನಲ್ಲಿದ್ದ ಸಲ್ಮಾಳ ತಾಯಿ ಎದ್ದು ಹಿಂದೆ ತಿರುಗಿ ಸಾಲು ಸಾಲೂ ನೋಡಿದರು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಸಲ್ಮಾ ಭಾವನ ಕಡೆ ಕೈ ತೋರಿಸಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಅವರು ಬಾಗಿಲಲ್ಲಿದ್ದ ಭಾವನನ್ನು ಕರೆದು, ಕೈ ಹಿಡಿದು ವೇದಿಕೆಗೆ ಹತ್ತಿಸಿ, ಪಕ್ಕದಲ್ಲಿ ನಿಲ್ಲಿಸಿಕೊಂಡರು. ಜಾಂಜಿಬಾರಿನ ಗುಜರಾತಿ ಅಂಗಡಿಗಳಲ್ಲಿ ಕಲಿತ ಹಿಂದಿಯಲ್ಲಿ ಎಲ್ಲರಿಗೂ ಕೇಳುವಂತೆ, “ಯೇ ಹಮಾರೇ ಘರ್ ಕಾ ಲಡ್ಕಾ ಹೈ” ಎಂದರು. ನಮ್ಮನೆ ಹುಡುಗ! ಅಪರಿಚಿತ ನರ್ಸಿಗೂ ಭಾಷಣ ಮಾಡಿದ ಭಾವ ತಲೆ ತಗ್ಗಿಸಿ ಅಂಗಿಯ ಗುಂಡಿ ತಿರುವುತ್ತಾ ನಿಂತರು.

ಆ ಕಾಯಿಲೆ ಎಲ್ಲಿ ಅಂಟಿತೆಂದು ಈಗ ಹೇಳುತ್ತೇನೆ. ಅಕ್ಕ, ಭಾವ ಮೆಚ್ಚಿ ಮದುವೆಯಾದವರು. ನಮ್ಮ ಮನೆಯವರು ಮುನಿಸಿಕೊಂಡಾದರೂ ಮದುವೆಗೆ ಬಂದರು. ಭಾವನ ಕಡೆಯಿಂದ, ಹೆತ್ತ ತಾಯಿಯೂ ಸೇರಿ, ಒಬ್ಬರೂ ಬರಲಿಲ್ಲ. ಛತ್ರದಲ್ಲಿ ಗಂಡಿನ ಕಡೆಯವರಿಗೆಂದು ಹಾಕಿದ್ದ ಕುರ್ಚಿಗಳು ಹಾಕಿದಂತೆಯೇ ಇದ್ದವು. ಹಸೆಮಣೆಯ ಮೇಲೆ ಕೂತ ಭಾವ ತಾಳಿ ಕಟ್ಟುವ ತನಕ ಆ ಕುರ್ಚಿಗಳನ್ನೇ ನೋಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ವೇದಿಕೆಯ ಮುಂದೆ ನಮ್ಮವರು ಮತ್ತೆ ಫೋಟೋಗೆ ಸಾಲುಗಟ್ಟುತ್ತಿದ್ದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ಬಾಗಿದಳು.

“ನೋಡೋ,” ಎಂದಳು, “ನಿಮ್ಮ ಭಾವನ ಕಡೆಯವರು ಬಂದ್ರು.”