ಗುಳಿ ಗುಮಾಸ್ತನ ಹೊಸ ಕೆನ್ನೆ

ಎಲ್ಲ ಅನರ್ಥಕ್ಕೂ ಮೂಲ ಬಲಗೆನ್ನೆಯ ಒಂದು ಗುಳಿ. ಗಡ್ಡೆ ತೆಗೆದ ವೈದ್ಯರು ಜೀವ ಉಳಿಸಿ ಕೆನ್ನೆ ಕಳೆದಿದ್ದರು. ಅಂದಿನಿಂದ, ಆಸ್ಪತ್ರೆಯ ಮರಣಪತ್ರದ ಕಿಟಕಿಯಲ್ಲಿ ಕೂರುವ ಆತನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಗುಳಿ ಗುಮಾಸ್ತ.

ಹನ್ನೊಂದು ವರ್ಷ ಸತ್ತವರ ಹೆಸರು ಬರೆದು ಬರೆದು ಅವನಿಗೆ ಅನ್ನ ಸೇರುತ್ತಿರಲಿಲ್ಲ. ಪಕ್ಕದ ಜನನಪತ್ರದ ಕಿಟಕಿಗೆ ಹಾಕಿ ಎಂದು ಅಂಗಲಾಚಿದ್ದ.

"ಈ ಮುಖ ನೋಡಿದ್ರೆ ಬಾಣಂತಿಯರು ಹೆದರ್ಕೋತಾರೆ ಕಣ್ರೀ. ಕೆನ್ನೆ ತುಂಬಿಸ್ಕೊಂಡು ಬನ್ನಿ, ಅವತ್ತೇ ಆರ್ಡರ್ ಕೊಡ್ತೀನಿ," ಎಂದಿದ್ದರು ಮೇಲಧಿಕಾರಿ.

ಅದಕ್ಕೇ ಈ ಬೆಳಿಗ್ಗೆ ಮೇಲಿನ ಮಹಡಿಯಲ್ಲಿ ಮಲಗಿದ್ದ. ಅವನದೇ ಹೊಟ್ಟೆಯ ಕೊಬ್ಬಿನಿಂದ ತೆಗೆದು, ವಾರಗಟ್ಟಲೆ ಬೆಳೆಸಿದ ಜೀವಕೋಶಗಳನ್ನು ತೆಳ್ಳನೆಯ ಜೆಲ್‌ನಲ್ಲಿ ಕಲಸಿ ಡಾಕ್ಟರಮ್ಮ ಸಿರಿಂಜಿಗೆ ಎಳೆದುಕೊಂಡರು.

"ಮೈ ಬಿಸಿಗೆ ಇದು ಮುಖ ಹೇಗಿರುತ್ತೋ ಹಾಗೇ ಗಟ್ಟಿ ಆಗುತ್ತೆ. ಮುಂದೆ ಜೆಲ್ ಕರಗಿದ್ರೂ ಕೋಶಗಳು ಅದೇ ಅಚ್ಚಲ್ಲಿ ಬೆಳೀತವೆ. ಅರ್ಧ ಗಂಟೆ ನಗಬೇಡಿ."

"ನಾನು ನಕ್ಕು ಹನ್ನೊಂದು ವರ್ಷ ಆಯ್ತು ಮೇಡಂ."

ಚುಚ್ಚಿ, ತುಂಬಿ, ಅವರು ಅತ್ತ ಹೋದದ್ದೇ ತಡ, ಯೋಗಕ್ಷೇಮ ಕೇಳಲು ಟೈಪಿಸ್ಟ್ ಅಕ್ಕನೂ ದಾಖಲೆ ಕೋಣೆಯ ಮಹಾಶಯನೂ ನುಗ್ಗಿದರು. ಮಹಾಶಯನಿಗೆ ಮಿಮಿಕ್ರಿ ಚಟ. ಹೊಟ್ಟೆ ಮುಂದೆ ಮಾಡಿ, ಕನ್ನಡಕ ಮೂಗಿನ ತುದಿಗೆ ಜಾರಿಸಿ ಮೇಲಧಿಕಾರಿಯೇ ಆಗಿಬಿಟ್ಟ.

"ಏನ್ರೀ... ಈ ಅರ್ಜೀಲಿ ಮೃತರ ಸಹಿ ಎಲ್ರೀ? ನಾಳೆ ಖುದ್ದಾಗಿ ಬರೋಕೆ ಹೇಳಿ!"

ಗುಮಾಸ್ತನ ಹೊಟ್ಟೆಯಲ್ಲಿ ನಗು ಕುಕ್ಕರಿನ ಹಬೆಯಂತೆ ಏರಿತು.

"ಅಯ್ಯೋ, ತುಟಿ ನಡುಗ್ತಿದೆ ನೋಡೋ! ಇನ್ನೊಂದು ಬಿಡು," ಎಂದಳು ಅಕ್ಕ.

ಅವನು ಕಣ್ಣು ಮುಚ್ಚಿದ. ತಾನು ಬರೆದ ಸಾವುಗಳನ್ನೆಲ್ಲ ನೆನೆದ. ಮಗುವಿಗೆ ಹೆಸರೇ ಇಟ್ಟಿರಲಿಲ್ಲ, ಏನಂತ ಬರೆಸಲಿ ಎಂದು ಕೇಳಿದ ಅಪ್ಪ. ಒಂದೇ ದಿನ ಮೂರು ಅರ್ಜಿ ತಂದ ಅಜ್ಜಿ. ಒಳಗಿನ ನಗು ಸತ್ತಿತು. ಅರ್ಧ ಗಂಟೆ ಗೆದ್ದ.

ಡಾಕ್ಟರಮ್ಮ ಕನ್ನಡಿ ಹಿಡಿದರು. ಗುಳಿ ತುಂಬಿತ್ತು. ಆದರೆ ತುಟಿಯ ಬಲತುದಿ ಕೆಳಗಿಳಿದು, ಕಣ್ಣಿನಡಿ ಮಡಿಕೆ ಬಿದ್ದು, ಅರ್ಧ ಮುಖ ಈಗಷ್ಟೇ ಸಾವಿನ ಸುದ್ದಿ ಕೇಳಿದ ಹಾಗೆ ಗಟ್ಟಿಯಾಗಿ ನಿಂತಿತ್ತು.

"ನಗಬೇಡಿ ಅಂದೆ. ಅಳಿ ಅಂದ್ನೇನ್ರೀ?"

ಮೇಲಧಿಕಾರಿ ಮಾತ್ರ ಕೈ ಕುಲುಕಿದರು. "ಭೇಷ್! ಹುಡುಕಿದ್ರೂ ಸಿಗದ ಮುಖ ಕಣ್ರೀ. ನಿವೃತ್ತಿವರೆಗೂ ಮರಣಪತ್ರದ ಕಿಟಕಿ ನಿಮ್ಮದೇ. ಹೋಗಿ ಕೂತ್ಕೊಳ್ಳಿ, ಸಾಲು ಬೆಳೀತಿದೆ."

ಹೋಗಿ ಕೂತ. ಸಾಲಿನಲ್ಲಿ ಮೊದಲಿದ್ದವಳು, ಬೆಳಿಗ್ಗೆಯಷ್ಟೇ ಗಂಡನನ್ನು ಕಳೆದುಕೊಂಡ ಹೆಂಗಸು. ಅರ್ಜಿ ಚಾಚಿದಳು, ಅವನ ಮುಖ ನೋಡಿದಳು, ಅರ್ಜಿ ಹಿಂದಕ್ಕೆಳೆದುಕೊಂಡು ತನ್ನ ಒದ್ದೆ ಕರ್ಚೀಫನ್ನೇ ಕಿಟಕಿಯೊಳಗೆ ತೂರಿಸಿದಳು.

"ಮೊದ್ಲು ನೀವು ಅತ್ಕೊಳ್ಳಿ ಅಣ್ಣಾ. ನಮ್ದು ಆಮೇಲೆ ಆಗ್ಲಿ."