ಚಿಕ್ಕಮ್ಮನ ಸಮುದ್ರ, ನನ್ನ ಸಂಶೋಧನೆ

ಊರಿಗೆ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ‘ದೂರ ಹೊರಟಿರಾ’ ಎನ್ನಬೇಕು. ಇದು ನಮ್ಮ ಕಡೆಯ ಶಾಸ್ತ್ರ. ಇಂಥ ಸೀಮೆಯಲ್ಲಿ ಮನೆಮನೆಗೆ ಹೋಗಿ ಎಲ್ಲಿಗೆ, ಯಾಕೆ, ಯಾರ ಜೊತೆ ಎಂದು ಕೇಳುವ ಕೆಲಸವನ್ನು ನಾನು ಕೈಯಾರೆ ಮೈಮೇಲೆ ಎಳೆದುಕೊಂಡೆ. ಕಡೂರಿನ ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಸುಮ್ಮನಿರದೆ ಪಿಎಚ್.ಡಿ. ಹುಚ್ಚು ಹಿಡಿದು, ಮಾನಸಿಕ ಕಾಯಿಲೆ ಇರುವವರ ಪ್ರವಾಸ ಎಂಬ ವಿಷಯ ಆರಿಸಿಕೊಂಡಿದ್ದೆ. ಹುಚ್ಚು ಎಂಬ ಪದ ಬಳಸಬಾರದೆಂದು ನಮ್ಮ ಗೈಡು ಹೇಳಿದ್ದಾರೆ. ನನ್ನ ಮಟ್ಟಿಗೆ ಬಳಸಿದರೆ ಅವರ ಆಕ್ಷೇಪಣೆ ಇರಲಾರದು.

ಹೋದಲ್ಲೆಲ್ಲ ಕಾಫಿ ಸಿಕ್ಕಿತು, ಉತ್ತರ ಸಿಗಲಿಲ್ಲ. ನಮ್ಮಲ್ಲಿ ಅಂಥವರು ಯಾರೂ ಇಲ್ಲ ಎನ್ನುವಾಗಲೇ ಒಳಕೋಣೆಯ ಬಾಗಿಲು ಮೆತ್ತಗೆ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಅಜ್ಜಂಪುರದ ನಮ್ಮ ಗಿರಿಜಾ ಚಿಕ್ಕಮ್ಮನೇ ಗತಿಯಾದಳು. ಅವಳಿಗೆ ಗಾಬರಿಯ ಕಾಯಿಲೆ, ವರ್ಷಗಳಿಂದ ಮಾತ್ರೆ ನುಂಗುತ್ತಾಳೆ, ಅಣ್ಣನ ಮನೆಯಲ್ಲಿ ಇದ್ದಾಳೆ. ಆ ಅಣ್ಣ, ಅಂದರೆ ನನ್ನ ಸೋದರಮಾವ, ಅವಳನ್ನು ತಿಂಗಳಿಗೊಮ್ಮೆ ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದೊಯ್ಯುವಾಗ ಅಕ್ಕಪಕ್ಕದವರಿಗೆ ಮದುವೆಗೆ ಎಂದು ಹೇಳುತ್ತಾರೆ. ಆಷಾಢದಲ್ಲೂ ಮದುವೆಯೂಟಕ್ಕೆ ಹೋಗುವ ಮನೆ ಇಡೀ ತಾಲ್ಲೂಕಿನಲ್ಲಿ ಅದೊಂದೇ ಇರಬೇಕು.

ಚಿಕ್ಕಮ್ಮ ಕಷ್ಟ ಹೇಳಿಕೊಂಡು ಅಳುತ್ತಾಳೆಂದುಕೊಂಡಿದ್ದೆ. ಅವಳು ಕಿಟಕಿ ಪಕ್ಕದ ಸೀಟು, ಆಸ್ಪತ್ರೆ ಮುಗಿದ ಮೇಲಿನ ಮಸಾಲೆದೋಸೆ ಇವುಗಳನ್ನೇ ವರ್ಣಿಸಿದಳು. ಈಗ ಡಾಕ್ಟರು ವಾಸಿಯಾಗಿದೆ, ಇನ್ನು ಆರು ತಿಂಗಳಿಗೊಮ್ಮೆ ಬಂದರೆ ಸಾಕು ಅಂದಿದ್ದರಂತೆ.

“ವಾಸಿಯಾಗಿ ನಂಗೇನ್ ಬಂತು ಹೇಳೇ,” ಅಂದಳು. “ಶಿವಮೊಗ್ಗ ಒಂದಿತ್ತು, ಅದೂ ಹೋಯ್ತು.”

ಅವಳಿಗೆ ಸಮುದ್ರ ನೋಡುವ ಆಸೆ. ದಾರಿಯಲ್ಲಿ ಏನಾದರೂ ಆದರೆ ಯಾರು ನೋಡಿಕೊಳ್ಳುತ್ತಾರೆ ಎಂಬುದು ಮಾವನ ಹಳೆಯ ತಕರಾರು. ನಾನಿದ್ದೇನಲ್ಲ ಅಂದೆ. ಓದಿದವಳು ಎಂದು ಒಪ್ಪಿದರು. ಹೇಗಾಗುತ್ತದೋ ನೋಡಿ ಮುಂದಿನದು ಯೋಚಿಸೋಣ ಅಂದರು.

ತರೀಕೆರೆಯಲ್ಲಿ ಬಸ್ಸು ಹತ್ತಿದಾಗಿನಿಂದ ನಾನು ಕಿಟಕಿಯಾಚೆ ನೋಡಲಿಲ್ಲ, ಅವಳ ಮುಖವನ್ನೇ ನೋಡಿದೆ. ಗಾಬರಿ ಆಗ್ತಿದೆಯಾ ಎಂದು ಮೈಲಿಗೊಮ್ಮೆ ವಿಚಾರಿಸಿದೆ. ಆಗುಂಬೆಯ ತಿರುವುಗಳಲ್ಲಿ ನನಗೇ ಹೊಟ್ಟೆ ತೊಳಸಿ, ಅವಳು ನನ್ನ ಹಣೆ ಹಿಡಿದುಕೊಂಡಳು. ಮಲ್ಪೆಯಲ್ಲಿ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ದಂಡೆಯಿಂದ ನಾನು ಅರಚಿಕೊಂಡ ರೀತಿಗೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಇವರಿಬ್ಬರಲ್ಲಿ ಕಾಯಿಲೆ ಯಾರಿಗೆ ಎಂದು ಕೇಳಿದ್ದರೆ ಅನುಮಾನವಿಲ್ಲದೆ ನನ್ನತ್ತ ಕೈ ತೋರಿಸುತ್ತಿದ್ದರು. ಆದರೂ ಅವಳು ಅಲೆಯಲ್ಲಿ ನಿಂತು ನಕ್ಕಿದ್ದು ಕಂಡು ನಿಜಕ್ಕೂ ಸಂತೋಷವಾಯಿತು.

ಊರಿಗೆ ಬಂದು ಚಿಕ್ಕಮ್ಮ ಮಾವನಿಗೆ ಎಲ್ಲವನ್ನೂ ಹೇಳಿದಳು, ಆಗುಂಬೆಯನ್ನೂ ಬಿಡದೆ. ಮುಂದಿನ ತಿಂಗಳು ಅವಳ ಸ್ತ್ರೀಶಕ್ತಿ ಸಂಘದವರು ಗೋಕರ್ಣಕ್ಕೆ ಹೊರಟಿದ್ದರು. ಮಾವ ಹೋಗಿ ಬಾ ಎಂದುಬಿಟ್ಟರು. ನಾನೂ ಬ್ಯಾಗು ತುಂಬಿಕೊಳ್ಳುತ್ತೇನೆ ಅಂದೆ. ಅವರು ಬಹಳ ಮೆತ್ತಗೆ, ಮಕ್ಕಳಿಗೆ ಹೇಳುವಂತೆ ಹೇಳಿದರು:

“ನೀನು ಮನೇಲಿರು ಕಣಮ್ಮ. ದಾರೀಲಿ ಏನಾದ್ರೂ ಆದ್ರೆ ನಿನ್ನ ಯಾರು ನೋಡ್ಕಳ್ತಾರೆ?”

ಈ ಮಾತನ್ನು ಪ್ರಬಂಧದಲ್ಲಿ ನಾನು ಎಷ್ಟೋ ಕಡೆ ಬರೆದಿದ್ದೇನೆ. ಕೇಳಿಸಿಕೊಂಡವರಿಗೆ ಇಷ್ಟು ಸಿಟ್ಟು ಬರುತ್ತದೆಂದು ಎಲ್ಲೂ ಬರೆದಿರಲಿಲ್ಲ.