ಟ್ರ್ಯಾಕ್ಟರ್ ಮೂತಿಯ ತೂಕ

ಯಾರನ್ನೂ ಸುಲಭಕ್ಕೆ ನಂಬೋನಲ್ಲ ನಾನು. ಅದಕ್ಕೇ ಇರಬೇಕು, ಜನ ಗುಂಪು ಕಟ್ಟಿ ನಗೋ ಕಡೆಯೆಲ್ಲ ನಡುವೆ ನಾನೇ ನಿಂತಿರ್ತೀನಿ. ಸಣ್ಣ ಟ್ರ್ಯಾಕ್ಟರಿಗೆ ಹೊಸ ಸಾಮಾನು ಹಾಕಿಸಿದ ಆ ಒಂದೇ ವರ್ಷದಲ್ಲಿ ನಾಲ್ಕು ಸಲ ಹೀಗಾಯ್ತು.

೧. ಮೂತಿ

ಕಣಕಟ್ಟೆ ಹತ್ತಿರ ನಮ್ಮದು ಸ್ವಲ್ಪ ತೆಂಗು, ಸ್ವಲ್ಪ ರಾಗಿ ಹೊಲ, ಹಿಂದೆ ಒಂದು ನೀಲಗಿರಿ ತೋಪು. ಎಲ್ಲಕ್ಕೂ ಒಂದೇ ಸಣ್ಣ ಟ್ರ್ಯಾಕ್ಟರ್. ಉಳೋಕೆ ಚೆನ್ನಾಗಿತ್ತು. ತೋಪಿನಿಂದ ದಿಮ್ಮಿ ಎಳೆಯುವಾಗ ಮಾತ್ರ ಏರಿನಲ್ಲಿ ಮೂತಿ ಎತ್ತೋದು. ಅದಕ್ಕೆ ಮುಂದೆ ಒಂದು ಹಲಗೆ ಕಟ್ಟಿ, ಮೇಲೆ ಗೋಣಿಚೀಲ ಮಡಚಿ ಹಾಕಿದ್ದೆ. ಅದರ ಮೇಲೆ ನನ್ನ ಹೆಂಡತಿ ಕೂರೋಳು. ಅವಳು ಕೂತರೆ ಮೂತಿ ಏಳ್ತಿರಲಿಲ್ಲ. ಎಲೆ ಅಡಿಕೆ ಹಾಕ್ಕೊಂಡು, ನನ್ನ ಕಡೆ ಮುಖ ಮಾಡಿ, ನಾನೆಲ್ಲಿ ತಪ್ಪು ಓಡಿಸ್ತೀನೋ ಅಂತ ನೋಡೋಳು.

ಅವಳು ತೀರಿಕೊಂಡ ಮೇಲೆ ಮೊದಲ ಸಲ ದಿಮ್ಮಿ ಎಳೆದೆ. ಮುಂದಿನ ಚಕ್ರ ಎರಡೂ ಎದ್ದವು. ಆಕಾಶ ನೋಡ್ತಾ ಕೂತೆ. ಅವಳ ತಮ್ಮ ಓಡಿ ಬಂದು, ಕ್ಲಚ್ಚು ತುಳೀರಿ ಭಾವ ಅಂತ ಕೂಗಿ ಇಳಿಸಿದ. ಇನ್ನೊಂದು ಸಲ ಮೂತಿ ಎತ್ತಿದರೆ ಮಾರಿಬಿಡ್ತೀನಿ ಅಂತ ನನ್ನ ಕೈಲಿ ತನ್ನ ಅಕ್ಕನ ಮೇಲೆ ಆಣೆ ಮಾಡಿಸಿಕೊಂಡ.

ಅವಳು ಕೂತ ಟ್ರ್ಯಾಕ್ಟರು. ಮಾರೋ ಮನಸ್ಸು ನನಗಿರಲಿಲ್ಲ. ಇವನಿಗೆ ಯಾಕಿಷ್ಟು ಅವಸರ ಅಂತ ಅನುಮಾನ ಬಂತು.

"ನಿಂಗೇ ಬೇಕೇನ್ಲಾ ಇದು?" ಅಂದೆ.

"ನಂಗ್ಯಾಕೆ ಭಾವ? ನನ್ ಹೆಂಡ್ತಿ ಅದ್ರ ಮುಂದೆ ಕೂರಲ್ಲ."

೨. ಛತ್ರಿ

ಆದರೂ ಅವನು ಸುಮ್ಮನಿರಲಿಲ್ಲ. ಹಳೇಬೀಡಿನಿಂದ ಒಬ್ಬ ಅಂಗಡಿಯವನನ್ನ ಟ್ರ್ಯಾಕ್ಟರ್ ನೋಡೋಕೆ ಕಳಿಸಿದ. ಕೊಳ್ಳೋಕೆ ಬಂದೋರು ಹಳಿಯೋದು ರೂಢಿ. ಈ ಮನುಷ್ಯ ಹೊಗಳಿದ. ಎಂಜಿನ್ ಶಬ್ದ ಚೆನ್ನಾಗೈತೆ ಅಂದ. ತುಕ್ಕು ಹಿಡಿದ ಬಾನೆಟ್ಟನ್ನೂ ಹೊಗಳಿದ. ಇದರಲ್ಲಿ ಏನೋ ಐತೆ ಅಂದುಕೊಂಡು ಕೀಲಿ ಸೊಂಟಕ್ಕೆ ಸಿಗಿಸಿಕೊಂಡೆ. ಮಾರೋದಿಲ್ಲ ಅಂದೆ. ಅವನು ನಗ್ತಾನೇ ಹೋದ. ಅದೂ ಸರಿಕಾಣಲಿಲ್ಲ.

ಆಮೇಲೆ ನೋಡಿದರೆ ಟ್ರ್ಯಾಕ್ಟರ್ ಸೀಟಿನ ಮೇಲೆ ಒಂದು ಛತ್ರಿ. ಮತ್ತೆ ಬರೋಕೆ ನೆಪ ಇಟ್ಟುಹೋಗಿದ್ದಾನೆ ಅಂತ ನನಗೆ ಖಾತ್ರಿಯಾಯ್ತು. ಮಾರನೇ ದಿನ ಎರಡು ಬಸ್ಸು ಬದಲಾಯಿಸಿ ಹಳೇಬೀಡಿಗೆ ಹೋದೆ. ಅವನ ಅಂಗಡಿ ಹುಡುಕಿ ಛತ್ರಿ ಮುಂದೆ ಇಟ್ಟೆ. ಅವನು ಕೂರಿಸಿ ಕಾಫಿ ಕೊಟ್ಟ. ಛತ್ರಿ ತಿರುಗಿಸಿ ತಿರುಗಿಸಿ ನೋಡಿದ.

"ಇದು ನಿಮ್ದೇ ಅಲ್ವಾ? ನಿನ್ನೆ ಬಿಸಿಲು ಅಂತ ಹಿಡ್ಕೊಂಡಿದ್ರಿ."

ಅದನ್ನೂ ನಂಬಲಿಲ್ಲ. ಮನೆಗೆ ಬಂದು ನಮ್ಮ ಛತ್ರಿ ನೇತುಹಾಕೋ ಮೊಳೆ ನೋಡಿದೆ. ಖಾಲಿ ಇತ್ತು. ಛತ್ರಿ ಕೈಯಲ್ಲಿತ್ತು.

೩. ಸುಣ್ಣ

ಮಾರಬಾರದು ಅಂದರೆ ಸರಿ ಮಾಡಿಸಬೇಕು. ಅರಸೀಕೆರೆ ಮೆಕ್ಯಾನಿಕ್ ಹತ್ತಿರ ಹೋದೆ. ಹಿಂದಕ್ಕೆ ಗಟ್ಟಿ ಕೊಂಡಿ, ಆಳದ ಹಲ್ಲಿನ ಟೈರು, ಮುಂದಕ್ಕೆ ಕಬ್ಬಿಣದ ತೂಕದ ಬಿಲ್ಲೆ ಹಾಕಿದರೆ ಮೂತಿ ಏಳಲ್ಲ ಅಂದ. ಸರಿ ಅಂದೆ. ಹಾಗೇ ಎಂಜಿನ್ನೂ ಬಿಚ್ಚಿ ನೋಡ್ತೀನಿ ಅಂದ. ಅಲ್ಲಿ ಅನುಮಾನ ಬಂತು. ನನ್ನ ಒಳ್ಳೇ ಸಾಮಾನು ತೆಗೆದು ಹಳೇದು ಹಾಕಿದರೆ?

ಹೆಂಡತಿಯ ಸುಣ್ಣದ ಡಬ್ಬಿ ನನ್ನ ಜೇಬಲ್ಲೇ ಇರುತ್ತೆ. ನಾನು ಎಲೆ ಅಡಿಕೆ ಹಾಕಲ್ಲ. ಸುಮ್ಮನೆ ಇರುತ್ತೆ. ಅವನು ಬಿಚ್ಚಿಟ್ಟ ಒಂದೊಂದಕ್ಕೂ ಸುಣ್ಣದ ಬೊಟ್ಟು ಇಟ್ಟೆ. ಎರಡು ದಿನ ಅಲ್ಲೇ ಕೂತಿದ್ದೆ. ಸುಣ್ಣ ಇರೋದೆಲ್ಲ ನಂದು ಅಂತ ಅವನಿಗೂ ಹೇಳಿದ್ದೆ.

ಕೊನೆಗೆ ಮುಂದೆ ಎಷ್ಟು ಕೆಜಿ ಬೇಕು ಅಂತ ಕೇಳಿದ. ಐವತ್ತು ಅಂದೆ. ಅಷ್ಟು ಸರಿಯಾಗಿ ಹೇಗೆ ಗೊತ್ತು ಅಂದ. ನನ್ನ ಹೆಂಡತಿ ಅಷ್ಟಿದ್ದಳು, ಅವಳೇ ಹೇಳಿದ್ದಳು ಅಂದೆ. ಹತ್ತು ಹತ್ತು ಕೆಜಿಯ ಐದು ಬಿಲ್ಲೆ ಹಾಕಿದ.

ಹೊರಡುವಾಗ ಒಂದು ಬುಟ್ಟಿ ತಂದು ನನ್ನ ಕಾಲ ಹತ್ತಿರ ಇಟ್ಟ. ಅದರಲ್ಲಿ ಅವನ ಎರಡು ಪಾನಾ, ಒಂದು ಸುತ್ತಿಗೆ.

"ಸುಣ್ಣ ಇರೋದೆಲ್ಲ ನಿಮ್ದೇ ಅಂದ್ರಲ್ಲ. ನನ್ ಊಟದ ಡಬ್ಬೀನೂ ಐತೆ, ತಗೊಂಡ್ಹೋಗಿ."

೪. ಐವತ್ತು ಕೆಜಿ

ಮಾರನೇ ದಿನ ದಿಮ್ಮಿ ಕಟ್ಟಿದೆ. ಬಾಮೈದ ಏರಿನ ಮೇಲೆ ನಿಂತಿದ್ದ. ಅರ್ಧ ಏರಿಗೆ ಬಂದಾಗ ಮೂತಿ ಎದ್ದಿತು. ಒಂದು ಗೇಣು, ಅಷ್ಟೇ. ಅವನು ಬಂದು ಕೀಲಿ ಕಿತ್ತುಕೊಂಡ. ಬಿಲ್ಲೆ ತೂಕ ಕಮ್ಮಿ ಐತೆ, ಆ ಮೆಕ್ಯಾನಿಕ್ ಮೋಸ ಮಾಡಿದ್ದಾನೆ, ಒಂದು ದಿನ ತಡಿ ಅಂತ ಬೇಡಿಕೊಂಡೆ.

ಐದೂ ಬಿಲ್ಲೆ ಬಿಚ್ಚಿ ಎರಡು ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಅರಸೀಕೆರೆಯಲ್ಲಿ ಮೆಕ್ಯಾನಿಕ್‌ನನ್ನೂ ಕರಕೊಂಡು ನಮ್ಮ ಕೊಬ್ಬರಿ ಹಾಕೋ ಮಂಡಿಗೆ ಹೋದೆ. ಅಲ್ಲಿ ತೂಗೋನು ಬಹಳ ವರ್ಷದ ಪರಿಚಯ. ಚೀಲ ತೂಗೋ ಯಂತ್ರದ ಮೇಲೆ ಒಂದೊಂದೇ ಬಿಲ್ಲೆ ಇಟ್ಟ. ಹತ್ತು. ಹತ್ತು. ಐದೂ ಹತ್ತೇ. ಮೆಕ್ಯಾನಿಕ್ ಕೈಕಟ್ಟಿಕೊಂಡು ನನ್ನ ಮುಖ ನೋಡಿದ. ಟ್ರ್ಯಾಕ್ಟರು ಕೈತಪ್ಪಿತು ಅಂದುಕೊಂಡೆ.

ಯಾಕೆ ಬೇಕಿತ್ತು ಇದೆಲ್ಲ ಅಂತ ತೂಗೋನು ಕೇಳಿದ. ಹೇಳಿದೆ. ಅವನು ಆ ಕಡೆ ತಿರುಗಿಕೊಂಡ. ಭುಜ ಕುಣೀತಿತ್ತು.

"ಐವತ್ತು ಅಂತ ಯಾರು ಹೇಳಿದ್ರು ಯಜಮಾನ್ರೇ?"

"ಅವಳೇ. ಇಲ್ಲೇ ತೂಗಿಸ್ಕೊಂಡೆ ಅಂದ್ಲು."

"ತೂಗಿಸ್ಕೊಂಡ್ರು. ಎಪ್ಪತ್ತು ಇದ್ರು. ನಾನು ನಿಮಗೆ ಹೇಳಿದ್ರೆ, ಈ ಮಂಡಿ ತೂಕಾನೇ ಸರಿಯಿಲ್ಲ ಅಂತ ನಿಮ್ಮ ತಲೆಗೆ ತುಂಬ್ತೀನಿ ಅಂದ್ರು. ನೀವು ನಂಬೇ ನಂಬ್ತೀರ ಅಂತ ಬಾಯಿ ಮುಚ್ಕೊಂಡೆ."

ಮಂಡಿಯವರೆಲ್ಲ ನಕ್ಕರು. ಮೆಕ್ಯಾನಿಕ್ಕೂ ನಕ್ಕ. ಸ್ವಲ್ಪ ಹೊತ್ತಾದ ಮೇಲೆ ನಾನೂ ನಕ್ಕೆ. ಅವಳು ಹೋದ ಮೇಲೆ ಅದೇ ಮೊದಲು.

ಇನ್ನೆರಡು ಬಿಲ್ಲೆ ತಗೊಂಡು ಬಂದೆ. ಬಾಮೈದನ ಹತ್ತಿರ ಕೀಲಿ ಇಸ್ಕೊಂಡು, ಏಳೂ ಹಾಕಿ ದಿಮ್ಮಿ ಕಟ್ಟಿದೆ. ಟ್ರ್ಯಾಕ್ಟರು ತಲೆ ತಗ್ಗಿಸಿಕೊಂಡು ಏರು ಹತ್ತಿತು.

ಬಾಮೈದ ಕೀಲಿ ನನ್ನ ಕೈಗೇ ಬಿಟ್ಟ. ಮುಂದೆ ಬಗ್ಗಿ ಬಿಲ್ಲೆ ಎಣಿಸಿದ. ಒಟ್ಟು ಎಷ್ಟು ಕೆಜಿ ಹಾಕ್ಸಿದ್ರಿ ಭಾವ ಅಂತ ಕೇಳಿದ.

"ಐವತ್ತು," ಅಂದೆ.